ಭಾವನ ಸಿಟ್ಟು, ಭಾವನ ಲ್ಯಾಪ್‌ಟಾಪ್

ಭಾವನ ಬಲಗಿವಿಯ ಕೆಳಗೆ ಒಂದು ದಪ್ಪ ನರವಿತ್ತು. ಸಿಟ್ಟು ಬಂದರೆ ಮೊದಲು ಅದು ಉಬ್ಬುತ್ತಿತ್ತು, ಆಮೇಲೆ ಕಿವಿ ಕೆಂಪಾಗುತ್ತಿತ್ತು, ಕೊನೆಗೆ ದನಿ ಬರುತ್ತಿತ್ತು. ಭದ್ರಾವತಿಯ ಕೋರ್ಟಿನಲ್ಲಿ ಅವರು ವಾದಕ್ಕೆ ನಿಂತರೆ ಹೊರಗೆ ಟೀ ಕುಡಿಯುತ್ತಿದ್ದವರಿಗೂ ಕೇಸು ಏನೆಂದು ಗೊತ್ತಾಗುತ್ತಿತ್ತಂತೆ. ಒಮ್ಮೆ ಶಿವಮೊಗ್ಗದ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ ತಮಿಳು ಮಾತಾಡುವ ಮುದುಕಿಯನ್ನು ಅವಳ ಸ್ಟಾಪ್ ಬರುವ ಮೊದಲೇ ಇಳಿಸಿದ. ಭಾವ ತಾವೂ ಇಳಿದು ಬಸ್ಸಿನ ಮುಂದೆ ನಿಂತುಬಿಟ್ಟರು. ಮುದುಕಿ ಮತ್ತೆ ಹತ್ತುವವರೆಗೆ ಕದಲಲಿಲ್ಲ. ಸೀಟಿಗೆ ಬಂದು ಕೂತವರು ನನ್ನನ್ನು ಕೇಳಿದರು, "ನೀನು ಮೇಷ್ಟ್ರು ಅಲ್ವೇನೋ? ಬಾಯಿ ಮನೇಲಿ ಬಿಟ್ಟು ಬಂದಿದೀಯಾ?"

ಭಾವ ಎಂದರೆ ನನ್ನ ಅಕ್ಕನ ಗಂಡ. ಅವರ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ನಾನು ಶಿವಮೊಗ್ಗದ ಹೊಸಮನೆಯಲ್ಲಿದ್ದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಜಗಳವೆಂದರೆ ಪಕ್ಕದ ರಸ್ತೆ ಹಿಡಿಯುವ ಸ್ವಭಾವ.

ಅಷ್ಟು ದೊಡ್ಡ ದನಿಯ ಭಾವನಿಗೆ ನರಗಳ ಕಾಯಿಲೆ ಬಂತು. ಮೊದಲು ಕರಿಕೋಟಿನ ಗುಂಡಿ ಹಾಕಲು ಬೆರಳು ಕೇಳಲಿಲ್ಲ. ಆಮೇಲೆ ಕೈ, ಕಾಲು. ಕೊನೆಗೆ ನಾಲಿಗೆ. ದೇಹ ಮಂಚಕ್ಕೆ ಅಂಟಿಕೊಂಡಿತು. ಬುದ್ಧಿಗೆ ಮಾತ್ರ ಕೂದಲೆಳೆಯಷ್ಟೂ ಧಕ್ಕೆ ಆಗಿರಲಿಲ್ಲ. ಇದನ್ನು ಡಾಕ್ಟರು ಎಷ್ಟು ಸಲ ಹೇಳಿದರೂ ನೋಡಲು ಬಂದವರ ತಲೆಗೆ ಹೋಗುತ್ತಿರಲಿಲ್ಲ. ಬಂದವರು ಮಂಚದ ಪಕ್ಕ ನಿಂತು, "ಇವರಿಗೆ ಗುರುತು ಸಿಗುತ್ತಾ?" ಎಂದು ಅಕ್ಕನನ್ನು ಕೇಳುತ್ತಿದ್ದರು. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಮೊದಮೊದಲು ಅಕ್ಷರಗಳ ಒಂದು ಹಲಗೆ ಹಿಡಿದು, ಅವರ ಕಣ್ಣು ಯಾವ ಅಕ್ಷರದ ಮೇಲೆ ನಿಲ್ಲುತ್ತದೆಂದು ನೋಡಿ ಮಾತು ಕೂಡಿಸುತ್ತಿದ್ದೆವು. ಅದು ಅವರಿಗೆ ಸುತರಾಂ ಹಿಡಿಸಲಿಲ್ಲ. ನಾವು ಅರ್ಧ ಪದಕ್ಕೇ ಊಹಿಸಿ, ಅವರ ಮಾತನ್ನು ನಮ್ಮ ಮಾತಿನಿಂದ ಮುಗಿಸಿಬಿಡುತ್ತಿದ್ದೆವು. ಆಮೇಲೆ ಪರಿಚಯದವರೊಬ್ಬರು ಅವರ ಹಳೆಯ ಲ್ಯಾಪ್‌ಟಾಪಿಗೆ ಕಣ್ಣಿನ ಚಲನೆ ಹಿಡಿಯುವ ಕ್ಯಾಮೆರಾ ಕೂರಿಸಿಕೊಟ್ಟರು. ಕಣ್ಣಲ್ಲೇ ಅಕ್ಷರ ಆರಿಸಿದರೆ ಅದು ಓದಿ ಹೇಳುತ್ತಿತ್ತು. ಹೇಳುತ್ತಿದ್ದುದು ಹೆಣ್ಣು ದನಿಯಲ್ಲಿ, ಬಸ್ ನಿಲ್ದಾಣದ ಪ್ರಕಟಣೆಯ ಹಾಗೆ ಸಪಾಟಾಗಿ. ಆ ದನಿಯಲ್ಲೇ ಭಾವ ಮೊದಲ ದಿನ ಹೇಳಿದ್ದು, "ಬಂದವರಿಗೆ ಹೇಳು. ಗುರುತು ಸಿಗುತ್ತೆ. ಎಲ್ಲರದ್ದೂ." ಅಕ್ಕ ನಕ್ಕಳು, ನಗುತ್ತಾ ಅತ್ತಳು.

ಆದರೆ ಆ ಕ್ಯಾಮೆರಾದ ಕೆಲಸ ಲ್ಯಾಪ್‌ಟಾಪಿಗೆ ಭಾರವಾಗುತ್ತಿತ್ತು. ಸ್ವಲ್ಪ ಹೊತ್ತಿಗೇ ತಳ ಕಾವಲಿಯಂತೆ ಕಾದು, ಫ್ಯಾನು ಕಿರುಚಿ, ಪರದೆ ಕಪ್ಪಾಗುತ್ತಿತ್ತು. ಭಾವನ ಮಾತು ಅಲ್ಲಿಗೇ ನಿಂತಿತು ಎಂದೇ ಲೆಕ್ಕ. ಅದು ತಣ್ಣಗಾಗುವವರೆಗೆ ಕಾಯಬೇಕು. ನಾನು ಅದನ್ನು ಶಿವಮೊಗ್ಗದ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಬಿಚ್ಚಿಯೂ ನೋಡದೆ, "ಹಳೇದು ಸರ್, ಬಿಸಿ ಆಗೋದು ಕಾಮನ್. ಹೊಸದು ತಗೊಂಡ್ಬಿಡಿ," ಎಂದ. ಹೊಸದಕ್ಕೆ ಮತ್ತೆ ಎಲ್ಲ ಕೂರಿಸಿ, ಅವರ ಕಣ್ಣಿಗೆ ಹೊಂದಿಸಲು ವಾರಗಟ್ಟಲೆ ಹಿಡಿಯುತ್ತದೆ, ಅಷ್ಟು ದಿನ ಅವರು ಮೂಕರಾಗಿರಬೇಕು ಎಂದೆ. ಅವನು ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದ: "ಪೇಷೆಂಟ್‌ಗೆ ತಾನೆ ಸರ್? ಟೀವಿ ಹಾಕ್ಕೊಡಿ. ಟೈಮ್ ಪಾಸ್ ಆಗುತ್ತೆ."

ನಾನು ಅದನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿ ಇಳಿದು ಬಂದೆ.

ಅದಾದ ಕೆಲವೇ ದಿನಗಳಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಹೋಗಬೇಕಾಯಿತು. ಭಾವನಿಗೆ ನುಂಗುವುದು ಕಷ್ಟವಾಗಿತ್ತು. ಅಕ್ಕ ಚಮಚದಲ್ಲಿ ಗಂಜಿ ಹಾಕಿದರೆ ಅರ್ಧ ಶ್ವಾಸನಾಳಕ್ಕೆ ಹೋಗಿ ನೆತ್ತಿಗೇರುತ್ತಿತ್ತು. ಜೊತೆಯಲ್ಲಿ ಭಾವನ ಅಣ್ಣ ಬಂದಿದ್ದರು. ಡಾಕ್ಟರು ಹೇಳಿದರು, "ಹೊಟ್ಟೆಗೇ ನೇರ ಟ್ಯೂಬ್ ಕೂರಿಸಬಹುದು. ಅದರಿಂದ ಇನ್ನೂ ಸ್ವಲ್ಪ ಕಾಲ ತಳ್ಳಬಹುದು. ಬೇಕಾ ಬೇಡ್ವಾ ಅನ್ನೋದು ಇವರ ಇಷ್ಟ."

ಭಾವನ ಕಣ್ಣು ಪರದೆಯ ಮೇಲೆ ಓಡಾಡಿತು. ಲ್ಯಾಪ್‌ಟಾಪು, "ನನಗೆ" ಎಂದಿತು. ಫ್ಯಾನು ಕಿರುಚಿತು. ಪರದೆ ಕಪ್ಪಾಯಿತು.

"ಬೇಡ ಅಂತ ಹೇಳೋಕೆ ಹೊರಟಿದ್ದ ಡಾಕ್ಟ್ರೇ," ಎಂದರು ಅಣ್ಣ. "ಅವನಿಗೂ ಸಾಕಾಗಿದೆ. ಯಾಕೆ ಹಿಂಸೆ."

ಭಾವ ಕಣ್ಣನ್ನು ಮೇಲಕ್ಕೆ ಎತ್ತಿದರು. ಕಣ್ಣು ಮುಚ್ಚಿದರೆ ಹೌದು, ಮೇಲೆ ನೋಡಿದರೆ ಇಲ್ಲ ಎಂದು ನಮ್ಮ ಮನೆಯ ಸಂಜ್ಞೆ. ಅವರು ಮೇಲೆ ನೋಡುತ್ತಲೇ ಇದ್ದರು.

"ಇಲ್ಲ ಅಂತಿದಾರೆ," ಎಂದೆ ನಾನು.

"ಅದೇ ನಾನೂ ಹೇಳ್ತಿರೋದು ಮಾರಾಯ. ಬೇಡ ಅಂತಿದಾನೆ," ಎಂದರು ಅಣ್ಣ.

ಡಾಕ್ಟರು ತಲೆಯಾಡಿಸಿದರು. ಹೊರಗೆ ತುಂಬ ಜನ ಕಾಯುತ್ತಿದ್ದರು. ಮುಂದಿನ ತಿಂಗಳು ಬನ್ನಿ, ಆಗ ಕೊನೆಯದಾಗಿ ತೀರ್ಮಾನಿಸೋಣ ಎಂದರು. ಅಕ್ಕ ನೆಲ ನೋಡುತ್ತಿದ್ದಳು. ಭಾವನ ಕಿವಿ ಕೆಂಡದಂತಾಗಿದ್ದನ್ನು ಆ ಕೋಣೆಯಲ್ಲಿ ನಾನೊಬ್ಬನೇ ಕಂಡೆನೇನೋ.

ಮನೆಗೆ ಬಂದು ಲ್ಯಾಪ್‌ಟಾಪು ಚಾಲೂ ಆದ ಕೂಡಲೇ ಆ ಸಪಾಟು ದನಿ ಹೇಳಿತು, "ನನ್ನ ಪರ ಯಾರೂ ವಕಾಲತ್ತು ಹಾಕಬೇಡಿ."

"ಹಾಗಾದ್ರೆ ನಿಮಗೆ ಏನು ಬೇಕು ಅಂತ ನಂಗೆ ಹೇಳಿ ಭಾವ. ನಾನು ಹೇಳ್ತೀನಿ."

"ನಾನೇ ಹೇಳ್ತೀನಿ. ಅಲ್ಲೇ. ಇದನ್ನ ಸರಿ ಮಾಡು."

ನಾನು ಮೆಕ್ಯಾನಿಕ್ ಅಲ್ಲ ಎಂದೆ. ಅವರು ನನ್ನನ್ನು ಕಟಕಟೆಗೆ ಹತ್ತಿಸಿಬಿಟ್ಟರು.

"ಫ್ಯಾನ್ ಸದ್ದು ಇದೆಯಾ?"

"ಇದೆ."

"ಪಕ್ಕದ ಕಿಂಡೀಲಿ ಗಾಳಿ?"

ಕೈ ಹಿಡಿದು ನೋಡಿದೆ. "ಬರ್ತಿಲ್ಲ."

"ಗಾಳಿ ಎಲ್ಲಿ ಹೋಯ್ತು?"

"ಗೊತ್ತಿಲ್ಲ ಭಾವ."

"ಹಾಗಾದ್ರೆ ಬಿಚ್ಚು," ಎಂದಿತು ದನಿ, ಮತ್ತೆ ಪರದೆ ಕಪ್ಪಾಯಿತು.

ಒಂದಷ್ಟು ವಿಡಿಯೋ ನೋಡಿಕೊಂಡು, ಬೇಕಾದ ಸಾಮಾನು ತರಿಸಿಕೊಂಡು, ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಭಾವನಿಗೆ ಕಾಣುವ ಹಾಗೆ ಊಟದ ಮೇಜನ್ನು ಮಂಚದ ಬಳಿ ಎಳೆದು, ಬಿಳಿ ಪಂಚೆ ಹಾಸಿ, ತಳದ ಮುಚ್ಚಳ ತೆಗೆದೆ. ಫ್ಯಾನಿಗೂ ಗಾಳಿ ಹೊರಹೋಗುವ ತಾಮ್ರದ ಹಲ್ಲುಗಳಿಗೂ ನಡುವೆ ಧೂಳು, ಹೊದಿಕೆಯ ಜುಂಗು ಸೇರಿ ಕಂಬಳಿಯಂತೆ ಗಟ್ಟಿಯಾಗಿ ಕೂತಿತ್ತು. ಒಳಗಿನ ಮುಖ್ಯ ಚಿಪ್‌ನ ಶಾಖವನ್ನು ತಾಮ್ರದ ಕೊಳವೆಗೆ ದಾಟಿಸುವ ಪೇಸ್ಟು ಒಣಗಿ ಹಳೆ ಸುಣ್ಣದಂತೆ ಉದುರಿತು. ನನಗೆ ರೋಸಿಹೋಗಿದ್ದು ಇದ್ಯಾವುದಕ್ಕೂ ಅಲ್ಲ. ಆ ಕೊಳವೆಯನ್ನು ಚಿಪ್‌ಗೆ ಒತ್ತಿ ಹಿಡಿಯಬೇಕಾದ ಸ್ಕ್ರೂಗಳಲ್ಲಿ ಒಂದು ಇರಲೇ ಇಲ್ಲ. ಹಿಂದೆ ಯಾರೋ ಬಿಚ್ಚಿದವರು ಹಾಕದೆ ಮುಚ್ಚಿಬಿಟ್ಟಿದ್ದರು. ಒಬ್ಬ ಮನುಷ್ಯನ ಮಾತು ಇಷ್ಟು ದಿನ ಒಂದು ಸ್ಕ್ರೂ ಇಲ್ಲದ್ದಕ್ಕೆ ಅರ್ಧಕ್ಕೆ ಕಡಿದುಹೋಗುತ್ತಿತ್ತು.

ಭಾವ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅವರ ದನಿಯನ್ನು ನಾನು ಬಿಚ್ಚಿ ಹರಡಿಟ್ಟಿದ್ದೆ. ತಪ್ಪಿದರೆ ಅವರು ನನ್ನನ್ನು ಬೈಯಲೂ ಆಗುತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಅದೇ ಊರಿನ ನ್ಯೂ ಟೌನಿನಲ್ಲಿದ್ದ ಭಾವನ ಅಣ್ಣ ಬಂದರು. ಮೇಜಿನ ಮೇಲಿನದನ್ನು ನೋಡಿ, "ಇದಕ್ಕೆಲ್ಲ ಯಾಕೆ ಇಷ್ಟು ಒದ್ದಾಡ್ತೀಯ ಮಾರಾಯ? ಇನ್ನೆಷ್ಟು ದಿನ ಅಂತ," ಎಂದರು. ತಮ್ಮನ ಎದುರಿಗೇ, ಮಂಚದಿಂದ ಒಂದು ಮಾರು ದೂರದಲ್ಲಿ ನಿಂತು. ಅವರು ಕೆಟ್ಟವರಲ್ಲ, ತಮ್ಮನನ್ನು ಎತ್ತಿ ಸ್ನಾನ ಮಾಡಿಸಿದವರು. ಅದು ಗೊತ್ತಿದ್ದೂ ಅವತ್ತು ಅವರನ್ನು ಹೊರಗೆ ದಬ್ಬಬೇಕು ಅನ್ನಿಸಿತು.

"ಅವರಿಗೆ ಕೇಳಿಸುತ್ತೆ," ಎಂದೆ. ಅಣ್ಣ ಅಡುಗೆಮನೆಗೆ ಹೋದರು.

ಧೂಳು ಕಿತ್ತೆ. ಹೊಸ ಪೇಸ್ಟು ಹಚ್ಚಿದೆ. ತಂದಿದ್ದ ಸಾಮಾನಿನಲ್ಲಿ ಅಳತೆಗೆ ಹೊಂದುವ ಸ್ಕ್ರೂ ಹುಡುಕಿ ಹಾಕಿದೆ. ಫ್ಯಾನಿನ ನೇರಕ್ಕೆ ತಳದ ಮುಚ್ಚಳದಲ್ಲಿ ಗಾಳಿ ಒಳಬರಲು ದಾರಿಯೇ ಸಾಲದು ಅನ್ನಿಸಿ, ಅಲ್ಲಿ ಕತ್ತರಿಸಿ ಕಿಟಕಿಯ ಸೊಳ್ಳೆ ಜಾಲರಿಯ ತುಂಡು ಅಂಟಿಸಿದೆ. ಮುಚ್ಚಿ, ಗುಂಡಿ ಒತ್ತಿದೆ. ಪರದೆ ಬೆಳಗಿತು. ಕಿಂಡಿಯಿಂದ ಬೆಚ್ಚಗಿನ ಗಾಳಿ ಕೈಗೆ ತಾಕಿತು. ಭಾವ ಬೈಯಲು ಶುರು ಮಾಡಿದರು. ಅಣ್ಣನನ್ನು, ರಿಪೇರಿಯವರನ್ನು, ಉಪ್ಪಿಲ್ಲದ ಗಂಜಿಯನ್ನು, ಮನೆಗೆ ಬಂದು ನಿಟ್ಟುಸಿರು ಬಿಡುವವರನ್ನು. ಮಧ್ಯಾಹ್ನದ ಊಟದ ಹೊತ್ತಿನವರೆಗೂ ಬೈದರು. ಲ್ಯಾಪ್‌ಟಾಪು ಒಮ್ಮೆಯೂ ಆರಲಿಲ್ಲ.

ಮುಂದಿನ ತಿಂಗಳು ಅದೇ ಡಾಕ್ಟರ ಕೋಣೆಯಲ್ಲಿ ಅದೇ ಜನ ಕೂತೆವು. ಅಣ್ಣ ಬಾಯಿ ತೆರೆಯುವ ಮೊದಲೇ ಆ ದನಿ ಮಾತಾಡಿತು. ಒಂದೊಂದು ವಾಕ್ಯಕ್ಕೂ ನಾವು ಕಾಯಬೇಕಾಯಿತು. ಅವತ್ತು ಎಲ್ಲರೂ ಕಾದರು.

"ನನಗೆ ಟ್ಯೂಬ್ ಬೇಕು. ನನಗೆ ಸಾಕಾಗಿಲ್ಲ. ಸಾಕಾಗಿದೆ ಅಂತ ನಾನು ಹೇಳಿಲ್ಲ." ಆಮೇಲೆ ಕಣ್ಣು ಅಕ್ಕನ ಕಡೆ ತಿರುಗಿ, ಮತ್ತೆ ಪರದೆಗೆ ಬಂತು. "ನಿನಗೆ ಕಷ್ಟ. ಗೊತ್ತು. ಆದ್ರೂ ಕೇಳ್ತೀನಿ. ನಂಗೆ ಬದುಕಬೇಕು."

ಅಕ್ಕ ಅವರ ಕೈ ಹಿಡಿದುಕೊಂಡಳು. "ಮೊದಲೇ ಹೇಳೋದಲ್ವಾ."

"ಹೇಳ್ತಿದ್ದೆ. ಆಫ್ ಆಯ್ತು."

ಅಣ್ಣ ಎದ್ದು ಹೊರಗೆ ಹೋಗಿ ಬಹಳ ಹೊತ್ತು ಕಾರಿಡಾರಿನಲ್ಲಿ ನಿಂತಿದ್ದರು.

ಟ್ಯೂಬ್ ಹಾಕಿದ ಮೇಲೆ ಭಾವ ವರ್ಷಕ್ಕೂ ಮೀರಿ ಬದುಕಿದರು. ಆ ದಿನಗಳು ಸುಲಭವಾಗಿದ್ದವು ಎಂದರೆ ಸುಳ್ಳಾಗುತ್ತದೆ. ಕಫ ತೆಗೆಯಬೇಕು, ಮಗ್ಗುಲು ಬದಲಿಸಬೇಕು, ಅಕ್ಕನಿಗೆ ನಿದ್ದೆಯಿಲ್ಲ. ಆದರೆ ಆ ಮನೆಯಲ್ಲಿ ಮಾತಿತ್ತು. ಕಿರಿಯ ವಕೀಲರು ಬಂದು ಮಂಚದ ಪಕ್ಕ ಕೂತು ಸಲಹೆ ಕೇಳುತ್ತಿದ್ದರು, ಬೈಸಿಕೊಂಡು ಹೋಗುತ್ತಿದ್ದರು. ನಾನು ಆಗಾಗ ಹೋಗಿ ಲ್ಯಾಪ್‌ಟಾಪ್ ಬಿಚ್ಚಿ ಜುಂಗು ತೆಗೆದು ಬರುತ್ತಿದ್ದೆ. ಎಂದೂ ಅವರು ಥ್ಯಾಂಕ್ಸ್ ಅನ್ನಲಿಲ್ಲ. "ಪಾಠದಲ್ಲಿ ಮಕ್ಕಳನ್ನ ಮಾತಾಡೋಕೆ ಬಿಡ್ತೀಯಾ?" ಎಂದು ಒಮ್ಮೆ ಕೇಳಿದ್ದರು. ಬಿಡುತ್ತೇನೆ ಎಂದೆ. "ಪೂರ್ತಿ?" ಎಂದರು. ಈಗ ತರಗತಿಯಲ್ಲಿ ತೊದಲುವ ಹುಡುಗಿಯೊಬ್ಬಳು ಉತ್ತರ ಹೇಳಲು ನಿಂತರೆ ಉಳಿದವರು ಗೊಣಗುತ್ತಾರೆ. ಅವರನ್ನು ಗದರಿಸಿ ಅವಳು ಮುಗಿಸುವವರೆಗೆ ಕಾಯುತ್ತೇನೆ.

ಒಂದು ಮಧ್ಯಾಹ್ನ ಎದೆಯ ಸೋಂಕು ಹೆಚ್ಚಾಗಿ ಭಾವ ಹೋದರು. ಅಂಗಳದಲ್ಲಿ ಜನ ಸೇರಿದ್ದರು: ವಕೀಲರು, ಊರಿನ ಉಕ್ಕಿನ ಕಾರ್ಖಾನೆಯ ಹಳೆ ಕಕ್ಷಿದಾರರು, ನೆಂಟರು. ಒಬ್ಬೊಬ್ಬರಾಗಿ ಬಂದು ಅಕ್ಕನ ಮುಂದೆ ನಿಂತು ಅದೇ ಮಾತು ಹೇಳುತ್ತಿದ್ದರು: "ಪಾಪ, ಬಿಡುಗಡೆ ಆಯ್ತು ಬಿಡಿ." ಮೊದಲನೆಯವರು ಅಂದಾಗ ಸಹಿಸಿದೆ. ಎರಡನೆಯವರು ಅಂದಾಗ ಹಲ್ಲು ಕಚ್ಚಿದೆ. ಆಮೇಲೆ ಯಾರೋ ದೂರದ ನೆಂಟರು ಅದನ್ನೇ ಅಂದಾಗ ನಾನು ಎದ್ದು ನಿಂತೆ. ನನ್ನ ಬಾಯಿಂದ ಅಷ್ಟು ದೊಡ್ಡ ದನಿ ಬರಬಹುದೆಂದು ನನಗೇ ಗೊತ್ತಿರಲಿಲ್ಲ.

"ಅವರು ಬಿಡುಗಡೆ ಕೇಳಿರಲಿಲ್ಲ. ಬದುಕಬೇಕು ಅಂತ ಕೇಳಿದ್ರು. ಅವರು ಅಂದಿದ್ದನ್ನೇ ಹೇಳಿ, ಇಲ್ಲಾಂದ್ರೆ ಸುಮ್ನಿರಿ."

ಸಾವಿನ ಮನೆಯಲ್ಲಿ ಹೀಗೆಲ್ಲ ಕೂಗಬಾರದು ಎಂದು ಯಾರೋ ನನ್ನ ತೋಳು ಹಿಡಿದರು. ಅಕ್ಕ ಭಾವನ ತಲೆಯ ಬಳಿ ಕೂತಿದ್ದಳು. ಅವಳು ತಲೆಯೆತ್ತಿ, ಬಂದವರನ್ನೆಲ್ಲ ಒಮ್ಮೆ ನೋಡಿ, ನಿಧಾನವಾಗಿ ಹೇಳಿದಳು, "ಅವನನ್ನ ಬಿಡಿ. ಮಾತಾಡ್ಲಿ."