ಏಳು ಪಾಯಿಂಟಿಗೆ ಹೋದವಳು

ನನ್ನ ಗಂಡ ಬೇಸ್‌ಬಾಲ್ ಬ್ಯಾಟನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲ. ಆದರೆ ಅಮೆರಿಕದ ತಂಡಗಳ ಸಂಬಳದ ಲೆಕ್ಕ ಅವರಿಗೆ ಬಾಯಿಪಾಠ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಆಸ್ಪತ್ರೆಯ ಕೆಲಸಕ್ಕೆ ಹೋಗುವಾಗ ಟ್ರ್ಯಾಮಿನಲ್ಲಿ ಅದನ್ನೇ ಓದುವುದು, ಸಂಜೆ ಸಾರನ್ನ ಕಲಸುತ್ತ ಅದನ್ನೇ ಹೇಳುವುದು. ದುಡ್ಡಿರುವ ತಂಡ ಯಾರನ್ನು ಬೇಕಾದರೂ ಕೊಳ್ಳುತ್ತದೆ. ದುಡ್ಡಿಲ್ಲದ ತಂಡ ಗೆಲ್ಲಬೇಕಾದರೆ ಬೇರೆಯವರು ಕಡೆಗಣಿಸಿದ ಆಟಗಾರರನ್ನು ಅಗ್ಗಕ್ಕೆ ಹಿಡಿಯಬೇಕು. ಅವರ ಪಾಠ ಇಷ್ಟೇ. ನಾನಾದರೋ ಮೈಸೂರಿನಲ್ಲಿ ಓದುವಾಗ ಕಾಲೇಜಿನ ಸಾಫ್ಟ್‌ಬಾಲ್ ತಂಡದಲ್ಲಿ ಆಡಿದವಳು. ಬೇಸ್‌ಬಾಲಿನ ತಂಗಿ ಎಂದು ಬೇಕಾದರೆ ಅನ್ನಿ ಆ ಆಟವನ್ನು. ಹಾಗಿದ್ದರೂ ತುಪ್ಪ ಬಡಿಸುತ್ತ ಹೂಂ ಹೂಂ ಅನ್ನುತ್ತಿದ್ದೆ. ಪಾಪ, ಹೇಳಿಕೊಳ್ಳಲಿ ಎಂದು.

ಈ ಪಾಠಕ್ಕೆ ಕೆಲಸ ಸಿಕ್ಕಿದ್ದು ನಮ್ಮ ಕನ್ನಡ ಕುಟುಂಬಗಳ ಕ್ರಿಕೆಟ್ಟಿನಲ್ಲಿ. ಬೇಸಿಗೆಯ ಒಂದು ಶನಿವಾರ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಕಡೆಯವರೆಲ್ಲ ಒಂದು ಪಾರ್ಕಿನಲ್ಲಿ ಸೇರಿ ಟೆನಿಸ್ ಚೆಂಡಿನಲ್ಲಿ ಆಡುತ್ತೇವೆ. ಮೊದಲು ಯಾರು ಯಾರನ್ನು ಬೇಕಾದರೂ ಕಟ್ಟಿಕೊಳ್ಳಬಹುದಿತ್ತು. ಒಂದು ತಂಡದವರು ಲೀಗ್ ಆಡುವ ಹುಡುಗರನ್ನೆಲ್ಲ ಗುಡ್ಡೆ ಹಾಕಿಕೊಂಡು ವರ್ಷ ವರ್ಷವೂ ಕಪ್ ಹೊತ್ತುಕೊಂಡು ಹೋದರು. ಉಳಿದವರಿಗೆ ಪುಳಿಯೋಗರೆ ತಿಂದು ವಾಪಸಾಗುವುದೇ ಆಯಿತು. ಕೊನೆಗೆ ಜಗಳವಾಗಿ ಹರಾಜು ಬಂತು. ಪ್ರತಿ ನಾಯಕನಿಗೆ ನೂರು ಪಾಯಿಂಟು; ಅದರೊಳಗೆ ಇಡೀ ತಂಡವನ್ನು ಕೊಳ್ಳಬೇಕು, ತಂಡದಲ್ಲಿ ಇಬ್ಬರು ಹೆಂಗಸರು ಇರಲೇಬೇಕು.

ಹೆಂಗಸರ ವಿಷಯದಲ್ಲಿ ಯಾರೂ ಬರೆದಿಡದ ಒಂದು ಕಾನೂನೂ ಇತ್ತು. ನಾವು ಬ್ಯಾಟ್ ಹಿಡಿದು ಬಂದರೆ ಬೌಲರ್ ನಿಂತಲ್ಲಿಂದಲೇ ಮೆಲ್ಲಗೆ ಚೆಂಡು ಎಸೆಯುತ್ತಾನೆ. ಬ್ಯಾಟಿಗೆ ತಾಗಿದರೆ ಸಾಕು, ಚಪ್ಪಾಳೆ. ಕ್ಯಾಚ್ ಎದ್ದರೆ ಫೀಲ್ಡರ್ ಮಹಾಶಯ ಬೇಕೆಂದೇ ಕೈ ಜಾರಿಸಿ ಅಯ್ಯೋ ಎನ್ನುತ್ತಾನೆ. ಎಲ್ಲರೂ ಇದನ್ನು ಮರ್ಯಾದೆ ಎಂದುಕೊಂಡಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ಅಷ್ಟು ವರ್ಷ ಊಟದ ಟೇಬಲ್ ಬಿಟ್ಟು ಆಚೆ ಬಂದಿರಲಿಲ್ಲ. ಹೋದ ವರ್ಷ ನನ್ನ ಗಂಡ ಒಂದು ತಂಡಕ್ಕೆ ನಾಯಕರಾದಾಗ ನಾನೂ ಹೆಸರು ಕೊಟ್ಟೆ. ಕಪ್ಪಿನ ಆಸೆ ನನಗೆ ಒಂದು ಚೂರೂ ಇರಲಿಲ್ಲ. ವಯಸ್ಸು ಐವತ್ತರ ಹತ್ತಿರ ಬಂದಿತ್ತು. ಅದರೊಳಗೆ ಒಂದು ಸಲವಾದರೂ ನನ್ನನ್ನು ಆಟಗಾರ್ತಿ ಎಂದು ಯಾರಾದರೂ ಲೆಕ್ಕಕ್ಕೆ ಹಿಡಿಯಲಿ ಎಂಬ ಆಸೆ ಮಾತ್ರ ಬಲವಾಗಿತ್ತು.

"ನಿನ್ನ ಬಗ್ಗೆ ಚಿಂತೆ ಇಲ್ಲ," ಎಂದರು ಗಂಡ. "ಲೇಡೀಸ್ ಎಲ್ಲ ಒಂದೊಂದು ಪಾಯಿಂಟಿಗೆ ಸಿಗ್ತಾರೆ. ಉಳಿದಿದ್ರಲ್ಲಿ ಒಳ್ಳೇ ಬೌಲರ್ ಹಿಡೀಬಹುದು."

"ನಾನೂ ಒಂದೇನಾ?"

"ಬೇಸ್ ಪ್ರೈಸ್ ಕಣೇ, ಎಲ್ಲರಿಗೂ ಅಷ್ಟೇ."

ಕಡೆಗಣಿಸಿದವರನ್ನು ಅಗ್ಗಕ್ಕೆ ಹಿಡಿಯಬೇಕು ಎಂಬ ಪಾಠದಲ್ಲಿ ಅಗ್ಗ ಎನ್ನುವುದೊಂದೇ ಇವರ ತಲೆಗೆ ಹೋಗಿದೆ ಎನ್ನಿಸಿತು. ಆದರೂ ಅವರ ತಂಡದಲ್ಲೇ ಆಡುತ್ತೇನಲ್ಲ ಎಂದು ಸುಮ್ಮನಾದೆ.

ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲಿನ ದೇವಸ್ಥಾನದಲ್ಲಿ ಬಾಲಾಜಿಯ ದರ್ಶನ ಮುಗಿಸಿ, ಹತ್ತಿರದ ಬಾಡಿಗೆ ಹಾಲಿನಲ್ಲಿ ಹರಾಜಿಗೆ ಕೂತೆವು. ಲೀಡ್ಸಿನಲ್ಲಿ ಐಟಿ ಕೆಲಸದಲ್ಲಿದ್ದ ಒಬ್ಬ ವೇಗದ ಬೌಲರ್‌ಗಾಗಿ ನನ್ನ ಗಂಡ ನಲವತ್ತು ಪಾಯಿಂಟು ಸುರಿದರು. ಆಮೇಲೆ ಕೈ ಬಿಗಿ ಹಿಡಿದು ಒಬ್ಬೊಬ್ಬರನ್ನೇ ಆರಿಸಿದರು. ಹೆಂಗಸರು ಒಂದೊಂದು ಪಾಯಿಂಟಿಗೆ, ಯಾರೂ ಪೈಪೋಟಿ ಮಾಡದೆ, ಹೋಗುತ್ತಿದ್ದರು. ನನ್ನ ಹೆಸರು ಕೂಗಿದಾಗ ಗಂಡ ಕತ್ತು ಎತ್ತದೆ "ಒಂದು" ಎಂದರು.

"ಎರಡು," ಎಂದಿತು ಇನ್ನೊಂದು ದನಿ.

ಮ್ಯಾಂಚೆಸ್ಟರ್ ತಂಡದ ನಾಯಕರು. ಅಲ್ಲಿನ ವಿದನ್‌ಶಾ ಆಸ್ಪತ್ರೆಯಲ್ಲಿ ಅನಸ್ತೀಶಿಯಾ ಡಾಕ್ಟರು, ಕಲಬುರಗಿಯವರು, ನಮ್ಮ ಮನೆಗೆ ಬಂದರೆ ಭಾಭಿ ಭಾಭಿ ಎನ್ನುತ್ತ ಅಡುಗೆಮನೆಗೇ ಬಂದು ಕೂರುವಷ್ಟು ಹತ್ತಿರದವರು. ಹಾಲಿನಲ್ಲಿ ನಗೆ ಎದ್ದಿತು. ಗಂಡ ಮೂರು ಎಂದರು. ಅವರು ನಾಲ್ಕು. ಇವರು ಐದು. ಅವರು ಒಮ್ಮೆಗೇ ಏಳು. ಗಂಡ ಕೈಯಲ್ಲಿದ್ದ ಕಾಗದ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾಗದ ನೋಡಿದರು. ಅವರಿಗೆ ಇನ್ನೂ ವಿಕೆಟ್‌ಕೀಪರ್ ಬೇಕಾಗಿತ್ತು. ತಲೆಯಾಡಿಸಿ ನನ್ನನ್ನು ಬಿಟ್ಟುಬಿಟ್ಟರು.

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ಒಳಗೊಳಗೇ ಒಂದು ಬಗೆಯ ಹಿಗ್ಗೂ ಇತ್ತು. ಅಷ್ಟು ಬೆಲೆಗೆ ಬೇರೆ ಯಾವ ಹೆಂಗಸೂ ಹೋಗಿರಲಿಲ್ಲ. ಕಾರು ಮೋಟರ್‌ವೇಗೆ ಬಂದ ಮೇಲೆ ಗಂಡ ನನ್ನನ್ನು ಸಮಾಧಾನ ಮಾಡಲು ಹೊರಟರು.

"ಬೇಜಾರು ಮಾಡ್ಕೋಬೇಡ. ಅವನಿಗೇನು ನೀನು ಬೇಕಾಗಿರ್ಲಿಲ್ಲ. ನನ್ನ ಪಾಯಿಂಟ್ ಖಾಲಿ ಮಾಡ್ಸೋಕೆ ಕೂಗ್ತಾ ಇದ್ದ. ಹೆಂಡತೀನ ಬಿಡಲ್ಲ ಅಂದ್ಕೊಂಡಿದ್ದ. ನಾನು ಬಿಟ್ಟೆ ನೋಡು, ಅವನೇ ಸಿಕ್ಕಿಹಾಕ್ಕೊಂಡ."

ಇದು ಸಮಾಧಾನದ ಮಾತಂತೆ! ಒಬ್ಬರು ನನ್ನನ್ನು ಬೇಡವೆಂದು ಬಿಟ್ಟರು, ಇನ್ನೊಬ್ಬರು ಬೇಕಿಲ್ಲದೆಯೇ ಕೊಂಡರು. ನನ್ನ ಹಿಗ್ಗೆಲ್ಲ ಇಳಿದುಹೋಯಿತು. ಕಿಟಕಿಯ ಕಡೆ ತಿರುಗಿ ಅತ್ತೆ. ಅವರಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ರಸ್ತೆ ನೋಡುತ್ತಿದ್ದರೋ ತಿಳಿಯದು.

ಅಳು ನಿಂತ ಮೇಲೆ ಹಟ ಹುಟ್ಟಿತು. ಹಳೆಯ ಕಾಲುಚೀಲದೊಳಗೆ ಟೆನಿಸ್ ಚೆಂಡು ತುಂಬಿ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ನೇತುಹಾಕಿದೆ. ಜಿಪಿ ಸರ್ಜರಿಯಲ್ಲಿ, ಅಂದರೆ ಇಲ್ಲಿನ ಕ್ಲಿನಿಕ್ಕಿನಲ್ಲಿ, ನನ್ನ ಫಾರ್ಮಸಿ ಕೆಲಸ ಮುಗಿಸಿ ಬಂದವಳು ದಿನಾ ಸಂಜೆ ಅದಕ್ಕೆ ಬಾರಿಸುತ್ತಿದ್ದೆ. ಸಾಫ್ಟ್‌ಬಾಲಿನ ಅಭ್ಯಾಸ, ನನ್ನದೆಲ್ಲ ಅಡ್ಡ ಬೀಸು. ಚೆಂಡು ಯಾವಾಗಲೂ ಎಡಗಡೆಗೇ ಹಾರುತ್ತಿತ್ತು. ಗಂಡ ಪಾತ್ರೆ ತೊಳೆಯುತ್ತ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ನಾನು ಬೌಲ್ ಮಾಡ್ಲಾ ಎಂದು ಒಂದು ಸಲ ಕೇಳಿದರು. ನಿಮ್ಮ ತಂಡ ನೀವು ನೋಡ್ಕೊಳ್ಳಿ ಎಂದೆ.

ಪಂದ್ಯದ ದಿನ ಕೆಲಸದ ಪಾಳಿ ಬದಲಾಯಿಸಿಕೊಂಡು ಹೋದೆ. ಜುಲೈ ಆದರೂ ಸ್ವೆಟರ್ ಬೇಕೆನ್ನಿಸುವ ಗಾಳಿ. ಮ್ಯಾಂಚೆಸ್ಟರ್ ನಾಯಕರು ನನ್ನನ್ನು ಕಂಡು ಮುಜುಗರ ಪಟ್ಟುಕೊಂಡರು.

"ಭಾಭಿ, ತಪ್ಪು ತಿಳ್ಕೋಬೇಡಿ. ಅವತ್ತು ಸ್ವಲ್ಪ ಆಟ ಆಡ್ಸೋಣ ಅಂತ ಹೋಗಿ..."

"ಪರವಾಗಿಲ್ಲ, ಈಗ ಕೊಂಡಾಯ್ತಲ್ಲ," ಎಂದೆ. ಒಳ್ಳೆಯ ಮನುಷ್ಯರು, ನಕ್ಕರು. ನಕ್ಕು ನನ್ನನ್ನು ಚೆಂಡೇ ಬಾರದ ಮೂಲೆಯಲ್ಲಿ ನಿಲ್ಲಿಸಿದರು.

ಪಾಯಿಂಟಿನ ಮಿತಿ ಹಾಕಿದ್ದು ಸಾರ್ಥಕವಾಗಿತ್ತು ಎನ್ನಬೇಕು. ಎಲ್ಲ ತಂಡಗಳೂ ಸರಿಸಮ, ಯಾರು ಗೆಲ್ಲುತ್ತಾರೆಂದು ಯಾರಿಗೂ ಗೊತ್ತಿಲ್ಲ, ಊಟದ ಟೇಬಲ್ಲಿನವರೂ ಬಂದು ನಿಂತು ನೋಡುತ್ತಿದ್ದರು. ಕಪ್ಪಿನ ಪಂದ್ಯಕ್ಕೆ ಉಳಿದದ್ದು ನನ್ನ ಗಂಡನ ತಂಡ ಮತ್ತು ನಮ್ಮ ತಂಡ. ನಾವು ಎರಡನೆಯದಾಗಿ ಬ್ಯಾಟ್ ಮಾಡಿದೆವು. ಒಬ್ಬೊಬ್ಬರೇ ಔಟಾಗಿ ಒಂದೇ ವಿಕೆಟ್ ಉಳಿದು, ಕೊನೆಯ ಓವರಿನಲ್ಲಿ ಎಂಟು ರನ್ ಬೇಕಾದಾಗ ಬ್ಯಾಟ್ ಹಿಡಿದು ನಿಂತವಳು ನಾನು.

"ಒಂದು ರನ್ ತಗೊಂಡು ಆ ಕಡೆ ಹೋಗ್ಬಿಡಿ ಭಾಭಿ," ಎಂದು ನಮ್ಮ ನಾಯಕರು ಕೂಗಿದರು. "ಉಳಿದಿದ್ದು ಅಲ್ಲಿರೋ ಹುಡುಗ ನೋಡ್ಕೊಳ್ತಾನೆ."

ಬೌಲಿಂಗಿಗೆ ಬಂದವನು ಆ ನಲವತ್ತು ಪಾಯಿಂಟಿನ ಹುಡುಗ. ಪದ್ಧತಿಯಂತೆ ವಿಕೆಟ್ಟಿನ ಹತ್ತಿರವೇ ನಿಂತು ನನ್ನ ಗಂಡನನ್ನು ಕೇಳಿದ: "ಸರ್, ಮೆಲ್ಲಗೆ ಹಾಕ್ಲಾ?"

"ಬೇಡ. ಹಿಂದಕ್ಕೆ ಹೋಗಿ ಪೂರ್ತಿ ಓಡಿ ಬಾ. ಅವಳು ಹೊಡೀತಾಳೆ."

ನನಗೆ ಸ್ಪಷ್ಟವಾಗಿ ಕೇಳಿಸಿತು. ಅಷ್ಟಕ್ಕೇ ನಿಲ್ಲಲಿಲ್ಲ, ಇದ್ದಬದ್ದ ಫೀಲ್ಡರುಗಳನ್ನೆಲ್ಲ ನನ್ನ ಎಡಗಡೆಗೆ ಕಳಿಸಿದರು. ತಾವೂ ಅದೇ ಕಡೆ, ದೂರದ ಗೆರೆಯ ಹತ್ತಿರ ಹೋಗಿ ನಿಂತರು. "ಹೆಂಡ್ತಿ ಮೇಲೆ ಅದೇನಪ್ಪ ದ್ವೇಷ ನಿಂಗೆ!" ಎಂದು ಹಿರಿಯರೊಬ್ಬರು ಹೊರಗಿನಿಂದ ಬೈದರು. ನಾಚಿಕೆಗೇಡು ಎಂದು ಇನ್ನೊಬ್ಬರು. ಇಡೀ ಮೈದಾನದಲ್ಲಿ ನನಗೆ ಹೆದರಿದ ಮನುಷ್ಯ ನನ್ನ ಗಂಡ ಒಬ್ಬರೇ.

ಮೊದಲ ಚೆಂಡು ನನ್ನ ಕಣ್ಣಿಗೇ ಬೀಳಲಿಲ್ಲ. ಎರಡನೆಯದಕ್ಕೆ ಬೀಸಿದೆ, ಗಾಳಿಗೆ ಹೊಡೆದೆ. ಮೂರನೆಯದು ಬ್ಯಾಟಿನ ನಟ್ಟನಡುವೆ ಕೂತು, ಇಬ್ಬರು ಫೀಲ್ಡರುಗಳ ಮಧ್ಯೆ ತೂರಿ ಗೆರೆ ದಾಟಿತು. ನಾಲ್ಕು ರನ್. ಬೈಯುತ್ತಿದ್ದವರೆಲ್ಲ ಗಪ್‌ಚಿಪ್. ಗಂಡ ಚಪ್ಪಾಳೆ ತಟ್ಟಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತರು.

ಮುಂದಿನ ಚೆಂಡನ್ನು ಹೊಡೆದಷ್ಟು ಚೆನ್ನಾಗಿ ನಾನು ಮೈಸೂರಿನಲ್ಲೂ ಹೊಡೆದಿರಲಿಲ್ಲ. ಎತ್ತರಕ್ಕೆ ಹೋಯಿತು. ಗಂಡ ಹಿಂದಕ್ಕೆ ಓಡಿದರು, ಎಡವಿದರು, ಗೆರೆಯ ಈಚೆಗೇ ಮಂಡಿಯೂರಿ ಚೆಂಡನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡರು. ಕಪ್ ಅವರದಾಯಿತು, ಆದರೂ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಾನು ಬ್ಯಾಟ್ ಹಿಡಿದುಕೊಂಡು ನೇರವಾಗಿ ಅವರ ಹತ್ತಿರ ನಡೆದೆ. ಪ್ಯಾಂಟಿನ ಮಂಡಿಗೆಲ್ಲ ಹುಲ್ಲು ಮೆತ್ತಿಕೊಂಡು ಏದುಸಿರು ಬಿಡುತ್ತಿದ್ದರು.

"ಕೋಪಾನಾ?" ಎಂದರು.

"ಕ್ಯಾಚ್ ಬಿಟ್ಟಿದ್ರೆ ಇವತ್ತು ನಿಮ್ಮನ್ನ ಮನೆಗೆ ಸೇರಿಸ್ತಿರ್ಲಿಲ್ಲ," ಎಂದೆ.