ಹನ್ನೊಂದು ಮುಖ, ಹತ್ತು ಹೆಸರು

ಕಳೆದ ಶನಿವಾರ ಮಗಳ ಪಂದ್ಯಕ್ಕೆ ಹೋದಾಗ ಮೈದಾನದ ಗೆರೆಗಳಿಗೆ ಆಗಷ್ಟೇ ಬಿಳಿ ಬಣ್ಣ ಬಳಿದಿದ್ದರು. ಒದ್ದೆ ಹುಲ್ಲು, ಹಸಿ ಪೇಂಟು ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗೆರೆ ಹಾಕುತ್ತಿದ್ದ ಅಂಕಲ್ ನೆನಪಾದರು. ಅವರ ಹಿಂದೆಯೇ ನನ್ನ ಹೇಡಿತನವೂ...

ಅಂಕಲ್ ಬೆಂಗಳೂರಿನ ಆಸ್ಟಿನ್ ಟೌನಿನವರು. ಪಾಮರ್ಸ್ಟನ್ ನಾರ್ತ್ ಎಂಬ ಈ ಪರದೇಶದ ಊರಿಗೆ ಓದಲು ಬಂದು ಇಲ್ಲೇ ಉಳಿದವರು, ಯೌವನದಲ್ಲಿ ಇಲ್ಲಿನ ಫುಟ್‌ಬಾಲ್ ಕ್ಲಬ್ಬಿಗೆ ಆಡಿದವರು. ವರ್ಣಭೇದದ ಕಾಲದಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ತಂಡ ಈ ದೇಶಕ್ಕೆ ಬಂದಾಗ, ನಮ್ಮ ಕ್ಲಬ್ಬೂ ವಿರೋಧಿಸಿ ಒಂದು ಪತ್ರ ಬರೆಯಲಿ ಎಂದು ಸಭೆಯಲ್ಲಿ ಎದ್ದು ಕೇಳಿದರಂತೆ. ಆಟದಲ್ಲಿ ರಾಜಕೀಯ ಬೇಡ ಎಂದು ದೊಡ್ಡ ಮನುಷ್ಯರು ಅವರನ್ನೇ ಹೊರಹಾಕಿದರು. ಗೋಡೆಯ ಮೇಲಿದ್ದ ತಂಡದ ಫೋಟೋದ ಕೆಳಗಿನಿಂದ ಅವರ ಹೆಸರನ್ನೂ ಅಳಿಸಿದರು. ಮುಖ ಮಾತ್ರ ಉಳಿಯಿತು. ಅದನ್ನು ಕತ್ತರಿಸಿದರೆ ಗೋಲ್‌ಕೀಪರನ ಭುಜವೂ ಹೋಗುತ್ತಿತ್ತಲ್ಲ!

ಅಂಕಲ್ ಬೈಕಿನ ಹೆಲ್ಮೆಟ್ ಹಾಕಿಕೊಂಡು ಪ್ರತಿಭಟನೆಗೆ ಹೋದರು, ಪೊಲೀಸರ ಲಾಠಿ ತಿಂದರು. ಎಷ್ಟೋ ವರ್ಷಗಳ ಮೇಲೆ, ಗೆರೆ ಹಾಕಲು ಯಾರೂ ಸಿಗದಾಗ, ಕ್ಲಬ್ಬಿಗೆ ಅವರ ನೆನಪು ಬಂತು. ಕರೆದರೆ ಬಂದರು. ಆದರೆ ಕ್ಲಬ್ಬಿನ ಕಟ್ಟಡದೊಳಗೆ ಕಾಲಿಡಲಿಲ್ಲ. ಚಹಾ ಕುಡಿಯುತ್ತಿದ್ದದ್ದು ಪೇಂಟು ಡಬ್ಬಗಳ ಷೆಡ್ಡಿನಲ್ಲೇ.

ಎರಡು ಸಾವಿರದ ಹದಿಮೂರರ ಕೊನೆಗೆ ವರ್ಣಭೇದದ ವಿರುದ್ಧ ಹೋರಾಡಿ ಜೈಲು ಕಂಡ ದಕ್ಷಿಣ ಆಫ್ರಿಕಾದ ಆ ಹಿರಿಯ ನಾಯಕರು ತೀರಿಕೊಂಡರು. ಜಗತ್ತು ಅತ್ತಿತೆಂದು ನಮ್ಮ ಕ್ಲಬ್ಬೂ ಅತ್ತಿತು. ಗಾಜಿನ ಬೀರು ಬಂತು, ‘ನಮ್ಮ ಹೋರಾಟದ ಪರಂಪರೆ’ ಎಂಬ ಫಲಕ ಬಂತು. ಒಳಗಿಡಲು ಏನೂ ಇರಲಿಲ್ಲ, ಅಷ್ಟೇ. ಕಾರ್ಯದರ್ಶಿಯಾಗಿದ್ದ ನನ್ನನ್ನು, ಇಬ್ಬರದೂ ಒಂದೇ ಭಾಷೆಯೆಂದು, ಅಂಕಲ್ ಹತ್ತಿರ ಪ್ರತಿಭಟನೆಯ ಆ ಹೆಲ್ಮೆಟ್ ಕೇಳಲು ಅಟ್ಟಿದರು.

“ತಗೊಂಡೋಗು ಮಗಾ,” ಎಂದರು. “ಫೋಟೋ ಕೆಳ್ಗೆ ನನ್ ಹೆಸ್ರು ಬರ್ಸ್‌ಬಿಡು, ಸಾಕು. ಮೊಮ್ಮಗಳಿಗೆ ತೋರಿಸ್ಬೇಕು.”

ಸಮಿತಿಯ ಮುಂದೆ ವಿಷಯ ಇಟ್ಟೆ. ಅಧ್ಯಕ್ಷ ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ, ಹಳೆಯದನ್ನೆಲ್ಲ ಕೆದಕುವುದು ಬೇಡ, ಕ್ಲಬ್ಬಿನಲ್ಲಿ ರಾಜಕೀಯ ಬೇಡ ಎಂದ. ಅದೇ ಮಾತು, ಅದೇ ಫೋಟೋದ ಕೆಳಗೆ ಕೂತು! ಹೆಸರು ಬೇಡ ಎನ್ನುವವರು ಕೈಯೆತ್ತಿ ಎಂದಾಗ ಎಲ್ಲ ಕೈಗಳೂ ಮೇಲೆದ್ದವು. ನನ್ನದೂ. ಮುಂದಿನ ವರ್ಷ ಉಪಾಧ್ಯಕ್ಷನಾಗುವ ಆಸೆಯಿತ್ತು ನನಗೆ. ಗೋಲಿಗೆ ಬಲೆ ಕಟ್ಟಿಸುವುದಕ್ಕಿಂತ ಹೆಚ್ಚಿನ ಅಧಿಕಾರವಿಲ್ಲದ ಹುದ್ದೆ, ಥೂ...

ಸಮಿತಿ ಬೇಡವೆಂದದ್ದನ್ನು ನಾನು ಅಂಕಲ್‌ಗೆ ಹೇಳಿರಲಿಲ್ಲ. ಬೀರಿನ ಉದ್ಘಾಟನೆಗೆ ಅವರು ಇಸ್ತ್ರಿ ಮಾಡಿದ ಕೋಟು ಹಾಕಿ, ಮೊಮ್ಮಗಳ ಕೈ ಹಿಡಿದು ಒಳಗೆ ಬಂದರು. ಹೆಲ್ಮೆಟ್ಟಿನ ಮುಂದೆ ‘ಕ್ಲಬ್ಬಿನ ಸಂಗ್ರಹ’ ಎಂಬ ಚೀಟಿಯಿತ್ತು. ಹುಡುಗಿ ಫೋಟೋದ ಹೆಸರುಗಳ ಮೇಲೆ ಬೆರಳಾಡಿಸಿದಳು.

“ವೇರ್ ಆರ್ ಯೂ, ತಾತಾ?”

ಅಂಕಲ್ ನನ್ನ ಕಡೆ ತಿರುಗಿದರು. “ನೀನೂ ಕೈ ಎತ್ತಿದ್ಯಾ?”

ನಾನು ಕೇಕಿನ ತಟ್ಟೆ ಮುಂದೆ ಹಿಡಿದೆ. “ತಗೊಳ್ಳಿ ಅಂಕಲ್.”

ಆಮೇಲೆ ಅವರು ಗೆರೆ ಹಾಕಲು ಬರಲಿಲ್ಲ. ಎರಡು ವರ್ಷಕ್ಕೆ ಹೋಗಿಬಿಟ್ಟರು. ತಂಡ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಒಂದು ನಿಮಿಷ ತಲೆತಗ್ಗಿಸಿ ನಿಂತಿತು. ಆ ನಾಚಿಕೆಗೆಟ್ಟವರ ಸಾಲಿನಲ್ಲಿ ಮೊದಲಿಗನಾಗಿ ನಿಂತವನು ಉಪಾಧ್ಯಕ್ಷ, ಅಂದರೆ ನಾನೇ.

ಫೋಟೋದ ಕೆಳಗೆ ಇವತ್ತಿಗೂ ಹತ್ತೇ ಹೆಸರು. ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕ್ಲಬ್ಬಿನ ಒಬ್ಬನಿಗೂ ಓದಲು ಬರುವುದಿಲ್ಲ. ಆದರೂ ನೋಡಿ, ಇಷ್ಟುದ್ದ ಬರೆದು, ಇಲ್ಲಿಯೂ ಅವರ ಹೆಸರು ಹಾಕಲು ನನಗೆ ಕೈ ಬರಲಿಲ್ಲ...