ಮೂರು ಕಡೆ ಚುಚ್ಚಿ ನೋಡ್ರಿ

ನಮ್ಮನೆಯವರದು ಕಂಪ್ಲಿಯಲ್ಲಿ ರೈಸ್ ಮಿಲ್ಲು. ಭತ್ತ ತರುವವರಿಗೆ ಅವರನ್ನು ಕಂಡರೆ ಸ್ವಲ್ಪ ಅಂಜಿಕೆ. ಅದಕ್ಕೆ ಕಾರಣ ಅವರ ಮೀಸೆಯಲ್ಲ, ಕೈಯಲ್ಲಿರುವ ಕಬ್ಬಿಣದ ಕೊಳವೆ. ಗೇಣುದ್ದದ್ದು, ಒಂದು ತುದಿ ಚೂಪು, ಮೈಯುದ್ದಕ್ಕೂ ಅರ್ಧ ತೆರೆದ ಬಾಯಿ. ಚೀಲಕ್ಕೆ ಚುಚ್ಚಿದರೆ ಒಳಗಿನ ಕಾಳು ಜಾರಿ ಅಂಗೈಗೆ ಬರುತ್ತದೆ, ಚೀಲ ಬಿಚ್ಚುವ ಕೆಲಸವಿಲ್ಲ. ಇವರು ಒಂದು ಕಡೆ ಚುಚ್ಚಿ ಸುಮ್ಮನಾಗುವ ಪೈಕಿ ಅಲ್ಲ. ಮೇಲೆ, ನಡುವೆ, ತಳದಲ್ಲಿ, ಮೂರು ಕಡೆ ಚುಚ್ಚಲೇಬೇಕು. ಮೇಲೆ ಒಳ್ಳೆಯ ಕಾಳು ತುಂಬಿ ತಳದಲ್ಲಿ ಜೊಳ್ಳು ಅಡಗಿಸಿಟ್ಟವರನ್ನು ಬೇಕಾದಷ್ಟು ನೋಡಿದ್ದಾರೆ.

ಚುಚ್ಚಿದ ಮೇಲೆ ಇನ್ನೊಂದು ಕೆಲಸ ಮಾಡುತ್ತಾರೆ. ಗೋಣಿಯ ಎಳೆ ಸರಿದ ಜಾಗಕ್ಕೆ ಹೆಬ್ಬೆರಳಿಟ್ಟು ಮೆಲ್ಲಗೆ ತೀಡುತ್ತಾರೆ. ಎಳೆ ಕೂಡಿಕೊಂಡು ತೂತು ಮುಚ್ಚುತ್ತದೆ, ಕಾಳು ಸೋರುವುದಿಲ್ಲ. ಬೇಡವೆಂದು ವಾಪಸ್ ಕಳಿಸುವ ಚೀಲವನ್ನೂ ತೀಡದೆ ಬಿಡುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಮನೆ ಕಿತ್ತುಹೋಗುವಂತೆ ಕೂಗಾಡುವ ಮನುಷ್ಯ ಗೋಣಿಚೀಲದ ಮೇಲೆ ಅಷ್ಟು ಮೆತ್ತಗೆ ಕೈಯಾಡಿಸುವುದನ್ನು ಕಂಡು ನನಗೆ ಎಷ್ಟೋ ಸಲ ಹೊಟ್ಟೆ ಉರಿದಿದೆ.

ಇಂಥವರನ್ನೇ ಚುಚ್ಚಿ ನೋಡುವ ಪ್ರಸಂಗ ಬಂತು. ಊಟವಾದ ಮೇಲೆ ಹೊಟ್ಟೆ ಉಬ್ಬುತ್ತದೆ ಎಂದು ಹೊಸಪೇಟೆಗೆ ಸ್ಕ್ಯಾನ್ ಮಾಡಿಸಲು ಹೋಗಿದ್ದೆವು. ಬೆಳಗಾದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುವುದನ್ನು ಬಿಡಿ, ಹೊಟ್ಟೆ ತಾನಾಗಿ ಇಳಿಯುತ್ತದೆ ಎಂದು ನಾನು ಮೊದಲೇ ಹೇಳಿದ್ದೆ. ಹೊಟ್ಟೆಯಲ್ಲಿ ಗ್ಯಾಸ್ ಬಿಟ್ಟರೆ ಏನೂ ಇರಲಿಲ್ಲ. ಆದರೆ ಎಡಗಡೆಯ ಕಿಡ್ನಿಯಲ್ಲಿ ಒಂದು ಗಡ್ಡೆ ಕಂಡಿತು. ಅಡಿಕೆಗಿಂತ ದೊಡ್ಡದು, ನಿಂಬೆಹಣ್ಣಿಗಿಂತ ಸಣ್ಣದು.

ಸ್ಕ್ಯಾನಿನ ಚಿತ್ರ ನೋಡಿಕೊಳ್ಳುತ್ತಲೇ ಸೂಜಿ ಇಳಿಸಿ ಚಿಕಿತ್ಸೆ ಮಾಡುವ ಡಾಕ್ಟರೊಬ್ಬರು ಆ ಆಸ್ಪತ್ರೆಗೆ ಆಗಾಗ ಹೊರಗಿನಿಂದ ಬರುತ್ತಿದ್ದರು. ನಮ್ಮನ್ನು ಅವರ ಮುಂದೆ ಕೂರಿಸಿದರು. ಗಡ್ಡೆ ಕೆಟ್ಟದ್ದಿರಬಹುದು ಎಂದರು ಅವರು. ಹೊಟ್ಟೆ ಕೊಯ್ದು ಕಿಡ್ನಿಯನ್ನೇ ತೆಗೆಯುವುದು ಒಂದು ದಾರಿ. ಆದರೆ ಇವರ ಹೃದಯಕ್ಕೆ ಆಗಲೇ ಸ್ಟೆಂಟ್ ಹಾಕಿದೆ, ದೊಡ್ಡ ಆಪರೇಷನ್ ತಡೆಯುವುದು ಕಷ್ಟ. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಸೊರಗಿವೆ, ಇದನ್ನು ತೆಗೆದರೆ ಡಯಾಲಿಸಿಸ್ಸೇ ಗತಿ. ಅದಕ್ಕೇ ಬೆನ್ನಿನಿಂದ ಒಂದು ಸೂಜಿ ಇಳಿಸಿ, ಅದರ ತುದಿಯ ಶಾಖದಿಂದ ಗಡ್ಡೆಯನ್ನಷ್ಟೇ ಸುಟ್ಟು ಕಿಡ್ನಿ ಉಳಿಸಿಕೊಳ್ಳೋಣ, ಅದಕ್ಕೂ ಮೊದಲು ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಎಂದರು.

ಇವರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಕೇಳಿದರು.

"ಎಷ್ಟು ಕಡೆ ಚುಚ್ತೀರಿ ಸರ?"

"ಒಂದೇ ತೂತು ಯಜಮಾನ್ರೇ, ಭಯ ಬೇಡ."

"ಭಯ ಅಲ್ರಿ. ಒಂದು ಕಡೆ ಚುಚ್ಚಿದ್ರ ಏನ್ ತಿಳೀತೈತ್ರಿ? ಮ್ಯಾಲ ಚೊಲೋ ಇರ್ತೈತಿ, ತಳಕ್ಕ ಜೊಳ್ಳು ಇರ್ತೈತಿ. ಮೂರು ಕಡೆ ಚುಚ್ಚಿ ನೋಡ್ರಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಇವರೇನು ಕೆಲಸ ಮಾಡ್ತಾರಮ್ಮಾ?"

"ರೈಸ್ ಮಿಲ್ಲು ಸರ" ಎಂದೆ. ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಡಾಕ್ಟರು ನಕ್ಕುಬಿಟ್ಟರು. ಹೊರಗೆ ಒಂದೇ ತೂತು, ಒಳಗೆ ಸೂಜಿ ಓರೆ ಮಾಡಿ ಬೇರೆ ಬೇರೆ ಜಾಗದಿಂದ ಚೂರು ತೆಗೆಯುತ್ತೇವೆ ಎಂದು ಕೈಯಲ್ಲೇ ತೋರಿಸಿದರು. "ಹಂಗಾದ್ರ ಆತು" ಎಂದು ಇವರು ಒಪ್ಪಿಗೆ ಕೊಟ್ಟರು. ಲೋಡು ಪಾಸು ಮಾಡುವಾಗಿನ ದನಿಯೇ ಅದು.

ಹೊರಡುವ ಮುಂಚೆ ಸ್ಕ್ಯಾನ್ ಮಷೀನು ನಡೆಸುವ ಹೆಣ್ಣುಮಗಳು ಇವರಿಗೊಂದು ಮನೆಗೆಲಸ ಕೊಟ್ಟಳು. ಉಸಿರಾಡಿದಂತೆಲ್ಲ ಕಿಡ್ನಿ ಮೇಲೆ ಕೆಳಗೆ ಸರಿಯುತ್ತದಂತೆ. ಸೂಜಿ ಇಳಿಸುವಾಗ ಅದು ಒಂದೇ ಜಾಗದಲ್ಲಿ ನಿಲ್ಲಬೇಕಾದರೆ ಹೇಳಿದಾಗೆಲ್ಲ ಅಷ್ಟೇ ಅಳತೆಯ ಉಸಿರು ಎಳೆದು ಹಿಡಿಯಬೇಕು. ಅಳತೆ ಎಂಬ ಮಾತು ಕೇಳಿದ ಕೂಡಲೇ ಇವರಿಗೆ ಹುಮ್ಮಸ್ಸು ಬಂತು. ಮರುದಿನದಿಂದ ಮಿಲ್ಲಿನಲ್ಲಿ ಚೀಲದ ಮೇಲೆ ಕೂತು ಕಣ್ಣು ಮುಚ್ಚಿ ಉಸಿರು ಹಿಡಿಯತೊಡಗಿದರು. ಮುಖ ಕೆಂಪಗಾಗುವುದನ್ನು ನೋಡಿ ಹಮಾಲರು ಹೆಗಲ ಮೇಲಿನ ಚೀಲ ಇಳಿಸಿ ನೀರು ಹಿಡಿದು ಓಡಿ ಬಂದರು. ಚುಚ್ಚಿಸಿಕೊಳ್ಳಲು ಹೊಸಪೇಟೆಗೆ ಹೊರಟ ದಿನ ಬಸ್ಸು ಕಮಲಾಪುರ ದಾಟುವಾಗಲೂ ಅದೇ ಅಭ್ಯಾಸ. ಕಂಡಕ್ಟರು ಟಿಕೆಟ್ ಕೇಳಿದರೆ ಉತ್ತರವಿಲ್ಲ.

"ಉಸಿರು ಹಿಡಿದಾರ್ರಿ, ಸ್ವಲ್ಪ ತಡೀರಿ" ಎಂದೆ ನಾನು.

"ಹಿಡೀಲಿ ಬಿಡ್ರಿ ಅಮ್ಮಾ. ನಿಮಗ ಫ್ರೀ ಐತಿ, ಉಸಿರು ಹಿಡಿದೋರಿಗೆ ಟಿಕೆಟ್ ಐತಿ" ಎಂದ ಕಂಡಕ್ಟರು.

ಆಸ್ಪತ್ರೆಯಲ್ಲಿ ಇವರನ್ನು ಬೋರಲು ಮಲಗಿಸಿ ಆ ದೊಡ್ಡ ಮಷೀನಿನ ಬಾಯಿಗೆ ಕೊಟ್ಟರು. ನಾನು ಬಾಗಿಲ ಹೊರಗೆ ಕೂತಿದ್ದೆ. ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು, ಎಚ್ಚರ ಪೂರಾ ಇತ್ತು. ಒಳಗಿನ ಮಾತು ನನಗೆ ಕೇಳುತ್ತಿತ್ತು.

"ಉಸಿರು ತಗೊಳ್ರಿ. ಹಿಡೀರಿ" ಎಂದಳು ಮಷೀನಿನವಳು ಮೈಕಿನಲ್ಲಿ.

"ಹಿಡಿದೇನ್ರಿ ಯವ್ವಾ" ಎಂದರು ಇವರು.

ಹಿಡಿದದ್ದೆಲ್ಲ ಆ ಮಾತಿನ ಜೊತೆ ಹೊರಗೆ ಹೋಯಿತು. ಆಕೆ ಮತ್ತೆ ಹೇಳಿದಳು, ಇವರು ಮತ್ತೆ ಜವಾಬು ಕೊಟ್ಟರು. ಯಾರಾದರೂ ಒಂದು ಮಾತು ಹೇಳಿದ ಮೇಲೆ ಹೂಂ ಅನ್ನದೆ ಸುಮ್ಮನಿದ್ದರೆ ಹೇಳಿದವರಿಗೆ ಅವಮಾನ ಎಂದು ತಿಳಿದವರು ಇವರು. ಅಭ್ಯಾಸ ಮಾಡುವಾಗ ಯಾರೂ ಹೇಳುವವರಿರಲಿಲ್ಲ, ಅದಕ್ಕೇ ಸರಿಯಾಗಿ ನಡೆದಿತ್ತು.

"ಮಾತಾಡ್ಬ್ಯಾಡ್ರಿ ಅಜ್ಜಾರೆ!"

"ಇಲ್ರಿ ಯವ್ವಾ, ಮಾತಾಡಂಗಿಲ್ರಿ."

ಬಾಗಿಲು ತೆರೆಯಿತು. ಆ ಹೆಣ್ಣುಮಗಳ ಹಣೆಯಲ್ಲಿ ಎಸಿ ರೂಮಿನಲ್ಲೂ ಬೆವರು. "ಅಮ್ಮಾ, ನಿಮ್ಮ ಮಾತು ಕೇಳ್ತಾರೇನ್ರಿ ಅವ್ರು?" ಎಂದಳು.

"ಮದುವಿ ಆದಾಗಿಂದ ಕೇಳಿಲ್ಲ. ಇವತ್ತು ನೋಡೋಣು" ಎಂದೆ.

ಗಾಜಿನ ಕಿಟಕಿಯ ಈಚೆ, ಮೈಕಿನ ಮುಂದೆ ನನ್ನನ್ನು ಕೂರಿಸಿದರು. ಹೆಸರು ಹಿಡಿದು ಕರೆಯಿರಿ, ಗಮನ ಕೊಡುತ್ತಾರೆ ಎಂದಳು ಆಕೆ. ಅದೊಂದು ನನ್ನಿಂದಾಗದ ಕೆಲಸ. ಮೈಕಿಗೆ ಬಾಯಿಟ್ಟು "ಏನ್ರೀ" ಎಂದೆ.

"ನೀ ಯಾಕ ಒಳಗ ಬಂದಿ? ಹೊರಗ ಕುಂದ್ರು ಹೋಗು."

"ಬಾಯಿ ಮುಚ್ರಿ. ಈಗ ಉಸಿರು ತಗೊಳ್ರಿ. ಹಿಡೀರಿ. ಜವಾಬು ಕೊಟ್ರಿ ಅಂದ್ರ ಆ ಸೂಜಿ ನಾನ ಬಂದು ಚುಚ್ತೀನಿ."

ಸದ್ದಿಲ್ಲ. ನಿಜವಾಗಿಯೂ ಸದ್ದಿಲ್ಲ. ಮಷೀನು ಗುಂಯ್ ಎಂದಿತು, ಪರದೆಯ ಮೇಲೆ ಚಿತ್ರ ಮೂಡಿತು. ಬೂದು ಬಣ್ಣದ ನಡುವೆ ಒಂದು ಬಿಳಿ ಗೆರೆ. ಅದೇ ಸೂಜಿ ಎಂದಳು ಆಕೆ. ಡಾಕ್ಟರು ಒಳಗೆ ಹೋಗಿ ಸ್ವಲ್ಪ ಇಳಿಸುವರು, ಈಚೆ ಬರುವರು, ನಾನು ಉಸಿರು ಹಿಡಿಸುವೆ, ಮತ್ತೆ ಚಿತ್ರ. ಗೆರೆ ಗಡ್ಡೆಯ ಹತ್ತಿರ ಸರಿಯುತ್ತ ಹೋಯಿತು. ಸದಾ ಗುಡುಗುವ ಈ ಮನುಷ್ಯನ ಒಳಗು ಇಷ್ಟು ಮೆತ್ತಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಇವರಿಗೆ ಏನಾದರೂ ಆದರೆ ನಾನು ಯಾರ ಮೇಲೆ ರೇಗಲಿ ಅನ್ನಿಸಿ ಕಣ್ಣಲ್ಲಿ ನೀರು ಬಂತು. "ಅಮ್ಮಾ, ನೀವು ಉಸಿರಾಡ್ರಿ" ಎಂದು ಆ ಹೆಣ್ಣುಮಗಳು ನನ್ನ ಬೆನ್ನು ತಟ್ಟಿದಳು. ನಾನೂ ಹಿಡಿದುಕೊಂಡು ಕೂತಿದ್ದೆ.

ಅವತ್ತು ತೆಗೆದ ಚೂರಿನ ಪರೀಕ್ಷೆಯಲ್ಲಿ ಗಡ್ಡೆ ಕೆಟ್ಟದ್ದೇ ಎಂದು ಬಂತು. ಆದರೆ ಬೇರೆಲ್ಲೂ ಹರಡಿಲ್ಲ ಎಂದರು ಡಾಕ್ಟರು. ಸುಡುವ ದಿನ ಇವರಿಗೆ ಪೂರ್ತಿ ನಿದ್ದೆ ಬರಿಸಿದ್ದರಿಂದ ಉಸಿರಿನ ಜವಾಬ್ದಾರಿ ನನಗಿರಲಿಲ್ಲ. ಆ ದಿನವೇ ನನಗೆ ಹೆಚ್ಚು ಕಷ್ಟವಾಯಿತು. ಹೊರಗೆ ಬೆಂಚಿನ ಮೇಲೆ ಕೂತು, ಮಾಡಲು ಏನೂ ಕೆಲಸವಿಲ್ಲದೆ ಸೆರಗಿನ ಅಂಚಿನ ದಾರ ಒಂದೊಂದೇ ಎಳೆಯುತ್ತಿದ್ದೆ. ಮರುದಿನ ಮನೆಗೆ ಕಳಿಸಿದರು. ಬೆನ್ನಿನ ಮೇಲೆ ಒಂದು ಸಣ್ಣ ಪಟ್ಟಿ, ಅಷ್ಟೇ.

ಕಷ್ಟ ಶುರುವಾದದ್ದು ಆ ಪಟ್ಟಿಯಿಂದ. ನಮ್ಮ ಕಡೆ ಯಾರಿಗಾದರೂ ಆಪರೇಷನ್ ಆದರೆ ನೆಂಟರು ಬ್ರೆಡ್ಡು, ಬಾಳೆಹಣ್ಣು ಹಿಡಿದು ಬರುತ್ತಾರೆ. ಬಂದವರು ಮೊದಲು ಕೇಳುವುದು ಹೊಲಿಗೆ ಎಷ್ಟು ಹಾಕಿದ್ದಾರೆ ಎಂದು. ಹೊಲಿಗೆ ನೋಡಿ, ತ್ಚ್ ತ್ಚ್ ಎಂದು, ತಮ್ಮ ಹೊಲಿಗೆಯ ಕಥೆ ಹೇಳಿ, ಚಹಾ ಕುಡಿದು ಹೋಗಬೇಕು. ಇವರ ಹತ್ತಿರ ತೋರಿಸಲು ಹೊಲಿಗೆಯೇ ಇಲ್ಲ. ಅಂಗಿ ಎತ್ತಿ ಪಟ್ಟಿ ತೋರಿಸಿದರೆ ಬಂದವರ ಮುಖ ಸಪ್ಪಗಾಗುತ್ತಿತ್ತು. ಇಷ್ಟಕ್ಕೆ ಬಸ್ಸು ಹತ್ತಿ ಬಂದೆವಲ್ಲ ಎಂಬ ನೋಟ.

"ಬರೇ ಸೂಜಿ ಏನ್ರಿ? ಗಡ್ಡಿ ಹೊರಗ ತಗದು ತೋರಿಸಿಲ್ಲೇನು?" ಎಂದು ಪಕ್ಕದ ಮನೆಯವರು ಕೇಳಿದರು. ಒಳಗೇ ಸುಟ್ಟಿದ್ದಾರೆ ಎಂದೆ. "ಹಂಗಾದ್ರ ಒಳಗ ಐತಿ ಅಂದಂಗಾತು" ಎಂದು ಬಾಳೆಹಣ್ಣು ಇಟ್ಟು ಹೋದರು. ಆ ಬಾಳೆಹಣ್ಣು ಅವರ ಮುಖದ ಮೇಲೆ ಎಸೆಯಬೇಕೆನ್ನಿಸಿತ್ತು ನನಗೆ.

ಚೋರನೂರಿನಿಂದ ಇವರ ಸೋದರತ್ತೆ ಬಂದರು. ಹಲ್ಲಿಲ್ಲ, ಗಂಟಲಿದೆ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ಪಟ್ಟಿ ನೋಡಿ ಅವರು ಮಾತ್ರ ಮುಖ ಸಪ್ಪಗೆ ಮಾಡಲಿಲ್ಲ.

"ಒಳಗ ಬರಿ ಹಾಕ್ಯಾರ ಅನ್ನು. ಸಣ್ಣಾವಿದ್ದಾಗ ಕಾಮಣಿ ಆಗಿ ನಾವು ಹೊಟ್ಟಿ ಮ್ಯಾಲ ಹಾಕಿಸಿದ್ವಿ. ನಾನ ಕಾಲು ಹಿಡ್ಕೊಂಡಿದ್ದೆ. ಒದ್ದು ನನ್ನ ಹಲ್ಲು ಮುರದಿದ್ದ."

ಇವರ ಹೊಟ್ಟೆಯ ಮೇಲಿನ ಆ ಹಳೆಯ ಬರೆಯ ಕಲೆ ನೋಡಿ ಡಾಕ್ಟರು ಆಗಲೇ ಬೈದಿದ್ದರು. ಹೊರಗೆ ಸುಟ್ಟರೆ ಚರ್ಮ ಸುಡುತ್ತದೆ, ಕಾಮಾಲೆ ಹೋಗುವುದಿಲ್ಲ ಎಂದಿದ್ದರು. ಅದನ್ನು ಅತ್ತೆಗೆ ಹೇಳಿದೆ. "ಹೌದೇಳವ್ವ, ನಮಗ ಒಳಗಿಂದು ಕಾಣ್ತಿದ್ದಿಲ್ಲ. ಅವ್ರಿಗೆ ಕಾಣ್ತೈತಿ" ಎಂದು ಒಂದೇ ಮಾತಿನಲ್ಲಿ ಒಪ್ಪಿಕೊಂಡರು. ಬಂದವರಲ್ಲಿ ನನಗೆ ಸಮಾಧಾನ ಕೊಟ್ಟವರು ಅವರೊಬ್ಬರೇ.

ಇವರಿಗೆ ಮಾತ್ರ ಗಡ್ಡೆ ಒಳಗೇ ಇದೆ ಎಂಬ ಪಕ್ಕದ ಮನೆಯವರ ಮಾತು ಹೊಟ್ಟೆಯಲ್ಲಿ ಕೂತುಬಿಟ್ಟಿತು. ಮಿಲ್ಲಿಗೆ ಹೋದರೂ ಕೊಳವೆ ಮುಟ್ಟಲಿಲ್ಲ. ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡರು. ಅದನ್ನು ಕಂಡು ನಾನು ಒಂದು ದಿನ ಬೇಕೆಂದೇ ಉಪ್ಪು ಹಾಕದೆ ಬಡಿಸಿ ನೋಡಿದೆ. ಅವತ್ತೂ ಮಾತಿಲ್ಲ. ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ.

ಡಾಕ್ಟರು ಹೇಳಿದ್ದಂತೆ ಮೂರು ತಿಂಗಳಾದ ಮೇಲೆ ಮತ್ತೆ ಹೊಸಪೇಟೆಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ರಕ್ತ ಓಡುವ ಜಾಗ ಬೆಳ್ಳಗೆ ಕಾಣುವಂತೆ ಔಷಧಿ ಕೊಟ್ಟಿರುತ್ತಾರೆ. ಹಳೆಯದರಲ್ಲಿ ಗಡ್ಡೆ ಬೆಳಗುತ್ತಿತ್ತು. ಹೊಸದರಲ್ಲಿ ಅದೇ ಜಾಗ ಕಪ್ಪಗೆ, ಆರಿದ ಒಲೆಯ ಹಾಗೆ. "ಸತ್ತಿದೆ ಯಜಮಾನ್ರೇ. ಕಿಡ್ನಿ ಉಳೀತು. ವರ್ಷ ವರ್ಷ ಬಂದು ತೋರಿಸ್ತಾ ಇರಿ" ಎಂದರು.

ಇವರು ಕನ್ನಡಕ ಒರೆಸಿಕೊಂಡು ಮುಂದೆ ಬಾಗಿದರು. "ಮೂರು ಕಡೆ ನೋಡಿದ್ರೇನ್ರಿ ಸರ?"

ಡಾಕ್ಟರಿಗೆ ಸಿಟ್ಟು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಮೌಸ್ ಉರುಳಿಸುತ್ತ ಒಂದೊಂದೇ ಚಿತ್ರ ನಿಲ್ಲಿಸಿದರು. "ಇದು ಮೇಲೆ ನೋಡಿ. ಇದು ನಡು. ಇದು ತಳ. ಎಲ್ಲೂ ಜೊಳ್ಳಿಲ್ಲ." ಇವರು ಕುರ್ಚಿಗೆ ಒರಗಿ ದೊಡ್ಡದಾಗಿ ಉಸಿರು ಬಿಟ್ಟರು. ನಾನು ಅಲ್ಲೇ, ಡಾಕ್ಟರ ಮುಂದೆಯೇ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಮನೆಗೆ ಬಂದು ಇವರು ಅಂಗಿ ಬದಲಿಸುತ್ತಿದ್ದರು. ಬೆನ್ನಿನ ಮೇಲೆ ಎಳ್ಳಿನ ಕಾಳಿನಷ್ಟು ಕಲೆ. ಹತ್ತಿರ ಹೋಗಿ ಹೆಬ್ಬೆರಳಿಟ್ಟು ತೀಡತೊಡಗಿದೆ. ಇವರು ತಿರುಗಲಿಲ್ಲ.

"ನಿನ್ನಿ ಸಾರಿಗೆ ಉಪ್ಪ ಇದ್ದಿಲ್ಲ" ಎಂದರು.

"ಗೊತ್ತೈತಿ, ಸುಮ್ನಿರ್ರಿ."

"ತೂತು ಮುಚ್ಚೈತೇನು?"

ಅದು ಮುಚ್ಚಿ ಎಷ್ಟೋ ದಿನವಾಗಿತ್ತು. "ಇನ್ನಾ ಸ್ವಲ್ಪ ಐತಿ. ಉಸಿರು ಹಿಡೀರಿ" ಎಂದೆ.

ಹಿಡಿದರು. ಜವಾಬು ಕೊಡಲಿಲ್ಲ.